ನಾವಿರುವ ಓಣಿ, ನಮ್ಮ ಆರೋಗ್ಯ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯದ ಬಗ್ಗೆ ಮಾತಾಡಲು ಈ ಮೂರು ಜಿಲ್ಲೆಗಳ ಊರುಗಳಿಗೆ ಹೋದಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸಭೆಯಲ್ಲಿ ಬಾಯಿ ಬಿಡದವರು ಆಮೇಲೆ ಫೋನ್ ಮಾಡುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ. ಜಾಸ್ತಿ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸರಳವಾದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಗಾಳಿ ಮತ್ತು ಬಿಸಿಲು

ಕಾಯಿಲೆ ಬರೋದು ಹಣೆಬರಹ. ಓಣಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಇದೆ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ.

ಅಮೆರಿಕದಲ್ಲಿ 1994ರಿಂದ 1998ರವರೆಗೆ ಅಲ್ಲಿನ ಸರ್ಕಾರ ಒಂದು ಪ್ರಯೋಗ ಮಾಡಿತು. ಐದು ದೊಡ್ಡ ನಗರಗಳಲ್ಲಿ ತೀರಾ ಬಡ ಬಡಾವಣೆಗಳಲ್ಲಿದ್ದ ಕುಟುಂಬಗಳನ್ನು ಆರಿಸಿದರು. ಚೀಟಿ ಎತ್ತಿದ ಹಾಗೆ ಕೆಲವರಿಗೆ ಮಾತ್ರ, ಬಡತನ ಕಡಿಮೆ ಇರುವ ಬಡಾವಣೆಗೆ ಮನೆ ಬದಲಿಸಲು ಬಾಡಿಗೆ ನೆರವು ಕೊಟ್ಟರು. ಹತ್ತು ವರ್ಷ ದಾಟಿದ ಮೇಲೆ ಹೋಗಿ ನೋಡಿದಾಗ, ಹಾಗೆ ಮನೆ ಬದಲಿಸುವ ಅವಕಾಶ ಸಿಕ್ಕಿದ್ದ ಹೆಂಗಸರಲ್ಲಿ ಅತಿಯಾದ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಕಡಿಮೆ ಇತ್ತು. ಮನಸ್ಸಿನ ನೆಮ್ಮದಿಯೂ ಹೆಚ್ಚಿತ್ತು. ಅವರ ಆದಾಯವೇನೂ ಏರಿರಲಿಲ್ಲ. ಬದಲಾಗಿದ್ದು ಸುತ್ತಲಿನ ಜಾಗ ಮಾತ್ರ.

ಎಲ್ಲ ಕಾಯಿಲೆಗೂ ಓಣಿಯೇ ಕಾರಣ ಅಂತ ಇದರರ್ಥ ಅಲ್ಲ. ವಂಶದಿಂದ ಬಂದದ್ದಿರುತ್ತದೆ, ಊಟ, ತಂಬಾಕು, ಕುಡಿತ ಎಲ್ಲ ಇರುತ್ತವೆ. ಆದರೆ ಕಾಯಿಲೆ ಬಿದ್ದವರು 'ನಾನೇ ಏನೋ ತಪ್ಪು ಮಾಡಿದೆ' ಅಂತ ಕೊರಗುವುದನ್ನು ಬಹಳ ನೋಡಿದ್ದೇನೆ. ಉಸಿರಾಡುವ ಗಾಳಿಯನ್ನು ಅವರು ಆರಿಸಿಕೊಂಡಿರಲಿಲ್ಲ, ಅಲ್ವಾ?

ಧೂಳು ಅಂದ್ರೆ ಕೆಮ್ಮು, ನೆಗಡಿ. ಅದಕ್ಕಿಂತ ಜಾಸ್ತಿ ಏನಾಗುತ್ತೆ?

ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್, ತೂಕ ಕಡಿಮೆ ಇರುವ ಕೂಸು. ಇವೆಲ್ಲಕ್ಕೂ ಧೂಳಿಗೂ ಸಂಬಂಧ ಇದೆ ಅಂತ ಈಗ ಗಟ್ಟಿಯಾಗಿ ಗೊತ್ತಾಗಿದೆ.

ನಮ್ಮಲ್ಲಿ ಧೂಳು ಒಂದೇ ಥರದ್ದಲ್ಲ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಕೆಂಧೂಳು. ಕೊಪ್ಪಳದ ಗಿಣಿಗೇರಾ ಸುತ್ತಮುತ್ತ ಕಪ್ಪು ಮಸಿ. ಕುಡಿತಿನಿ, ಶಕ್ತಿನಗರದ ಕಡೆ ಕಲ್ಲಿದ್ದಲು ಸುಟ್ಟ ಹಾರುಬೂದಿ. ಗಂಗಾವತಿ, ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಗಿಣಿಗೇರಾ ಕಡೆಯ ಮನೆಯೊಂದರಲ್ಲಿ ಒಬ್ಬ ತಾಯಿ ರೊಟ್ಟಿ ಬಡಿಯುವ ಹಲಗೆ ಮೇಲೆ ಅಂಗೈ ಎಳೆದು ತೋರಿಸಿದರು. ಬೆಳಗ್ಗೆ ತೊಳೆದಿಟ್ಟ ಹಲಗೆ. ಮಧ್ಯಾಹ್ನದ ಹೊತ್ತಿಗೆ ಅಂಗೈ ರೇಖೆಗಳೆಲ್ಲ ಕಪ್ಪಾಗಿ ಎದ್ದು ಕಂಡವು. ಆ ಮನೆಯಲ್ಲಿ ಬಿಳಿ ಅಂಗಿ ಒಣಹಾಕುವುದನ್ನೇ ಬಿಟ್ಟಿದ್ದಾರೆ.

ಆದರೆ ಕಣ್ಣಿಗೆ ಕಾಣುವ ಈ ಧೂಳಿಗಿಂತ ಕಾಣದ ಧೂಳಿನದೇ ಅಪಾಯ ಜಾಸ್ತಿ. ದಪ್ಪ ಕಣಗಳನ್ನು ಮೂಗು, ಗಂಟಲು ತಡೆಯುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಭಾಗದಷ್ಟಿರುವವು, ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ರಕ್ತನಾಳಗಳ ಒಳಗೋಡೆ ಊದಿಕೊಳ್ಳುತ್ತದೆ, ರಕ್ತ ಬೇಗ ಗಟ್ಟಿಯಾಗುತ್ತದೆ. ಹೃದಯಕ್ಕೆ ಪೆಟ್ಟು ಬೀಳುವುದು ಹೀಗೆ.

ಈ ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ, ವರ್ಷದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ ಬರೀ 5. ಆದ್ದರಿಂದ 'ಮಿತಿಯೊಳಗಿದೆ' ಅಂತ ಯಾರಾದರೂ ಹೇಳಿದರೆ, ಯಾವ ಮಿತಿ ಅಂತ ಕೇಳಿ.

ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕಾ?

ಟವೆಲ್ ದಪ್ಪ ಧೂಳನ್ನು ಸ್ವಲ್ಪ ತಡೆಯುತ್ತದೆ, ಸಣ್ಣ ಕಣಗಳನ್ನಲ್ಲ. ಅದಕ್ಕೆ ಎನ್‌-95 ಮಾಸ್ಕ್ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂತಿರಬೇಕು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ದಿನವಿಡೀ ಅದನ್ನು ಹಾಕಿಕೊಂಡು ದುಡಿಯಲು ಯಾರಿಗೂ ಆಗುವುದಿಲ್ಲ. ಮನೆಯಲ್ಲಿ ಒಣ ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಸಕ್ಕೆ, ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚಬೇಡಿ. ಆದರೆ ಧೂಳು ತಡೆಯಬೇಕಾದದ್ದು ಏಳುವ ಜಾಗದಲ್ಲಿ. ಲಾರಿಗೆ ತಾಡಪತ್ರಿ ಬಿಗಿಯುವುದು, ರಸ್ತೆಗೆ ನೀರು ಹೊಡೆಯುವುದು, ಚಿಮಣಿಯ ಧೂಳು ಹಿಡಿಯುವ ಯಂತ್ರವನ್ನು ರಾತ್ರಿಯೂ ಓಡಿಸುವುದು. ಅದು ನಿಮ್ಮ ಮೂಗಿನ ಜವಾಬ್ದಾರಿ ಅಲ್ಲ.

ನಮ್ಮೆಜಮಾನರು ಕಲ್ಲು ಕ್ವಾರಿಯಲ್ಲಿ ದುಡೀತಾರೆ. ಟಿಬಿ ಮಾತ್ರೆ ಪೂರ್ತಿ ನುಂಗಿದರೂ ಕೆಮ್ಮು, ದಮ್ಮು ಹೋಗ್ತಿಲ್ಲ. ಯಾಕೆ?

ಸಿಲಿಕೋಸಿಸ್ ಇರಬಹುದು. ಕಲ್ಲು ಕೊರೆಯುವಾಗ, ಪುಡಿ ಮಾಡುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ. ಆ ಗಾಯ ಮಾಗಿದಂತೆಲ್ಲ ಶ್ವಾಸಕೋಶ ಬಿರುಸಾಗುತ್ತದೆ. ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಟಿಬಿ ಥರಾನೇ ಕಾಣುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ. ಹೀಗಾಗಿ ಎರಡೂ ಒಟ್ಟಿಗೇ ಇರಬಹುದು.

ಡಾಕ್ಟರ ಮುಂದೆ ಕೂತ ಕೂಡಲೇ 'ಇಷ್ಟು ವರ್ಷದಿಂದ ಕ್ವಾರಿಯಲ್ಲಿ ದುಡಿದಿದ್ದೇನೆ' ಅಂತ ಹೇಳಿ. ಎಷ್ಟೋ ಕಡೆ ಈ ಒಂದು ಮಾತು ಬಾರದೆ ವರ್ಷಗಟ್ಟಲೆ ಬರೀ ಟಿಬಿ ಔಷಧಿ ನಡೆಯುತ್ತದೆ. ಕುಷ್ಟಗಿ ಕಡೆಯ ಗ್ರಾನೈಟ್, ಹಟ್ಟಿ ಕಡೆಯ ಗಣಿ, ಊರೂರಿನ ಜಲ್ಲಿ ಕ್ರಷರ್, ಎಲ್ಲಿ ಕಲ್ಲು ಒಡೆಯುತ್ತಾರೋ ಅಲ್ಲಿ ಈ ಅಪಾಯ ಇದೆ. ಕಾನೂನಿನ ಪ್ರಕಾರ ಇದು ಉದ್ಯೋಗದಿಂದ ಬರುವ ರೋಗ, ಸರ್ಕಾರಕ್ಕೆ ತಿಳಿಸಲೇಬೇಕಾದದ್ದು. ಬಿರುಸಾದ ಶ್ವಾಸಕೋಶವನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ. ಆದ್ದರಿಂದ ಬೇಗ ಗೊತ್ತಾಗಬೇಕು, ಆ ಧೂಳಿನಿಂದ ದೂರ ಸರಿಯಬೇಕು. ಬೀಡಿ ಸೇದುತ್ತಿದ್ದರೆ ಬಿಡಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಹೊರಗೇ ನೀರಿನಲ್ಲಿ ನೆನೆಸಿ.

ಬಿಸಿಲು ನಮಗೇನು ಹೊಸದಾ? ಅಜ್ಜ ಅಜ್ಜಿ ಇದೇ ಬಿಸಿಲಲ್ಲಿ ಬದುಕಲಿಲ್ವಾ?

ಬದುಕಿದರು. ಆದರೆ ಅವರು ಮಣ್ಣಿನ ಮಾಳಿಗೆ ಮನೆಯಲ್ಲಿ ಮಲಗುತ್ತಿದ್ದರು. ದಪ್ಪ ಗೋಡೆ, ಮೇಲೆ ಮಣ್ಣಿನ ಹಾಸು, ಮುಂದೆ ಬೇವಿನ ಮರ, ಕಟ್ಟೆ. ಈಗ ತಲೆ ಮೇಲೆ ತಗಡು, ಇಲ್ಲ ಕಾಂಕ್ರೀಟು. ತಗಡಿನ ಮನೆ ಮಧ್ಯಾಹ್ನ ಸುಡುತ್ತದೆ. ಕಾಂಕ್ರೀಟು ಹಗಲು ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುವುದು ಮಾಮೂಲು. ಅದರ ಜೊತೆ ರಾತ್ರಿಯೂ ತಂಪಾಗದಿದ್ದರೆ ದೇಹಕ್ಕೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ಬೆವರು ಹೋಗಿ ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ನಿದ್ದೆ ಕೆಟ್ಟು ಸಿಟ್ಟು, ಜಗಳ ಜಾಸ್ತಿ. ಬಿಸಿ ಏರಿದಾಗ ಹಿಂಸೆ, ಆತ್ಮಹತ್ಯೆ ಕೂಡ ಏರುತ್ತವೆ ಅಂತ ಹಲವು ದೇಶಗಳ ಅಂಕಿಅಂಶ ತೋರಿಸಿವೆ.

ಬಿಸಿಲಲ್ಲಿ ಇದ್ದವರು ತಡವರಿಸಿ ಮಾತಾಡಿದರೆ, ಗೊಂದಲಕ್ಕೆ ಬಿದ್ದರೆ, ಮೈ ಕಾದ ಹಂಚಿನಂತಿದ್ದರೆ ಅದು ಬಿಸಿಲಾಘಾತ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಆಮೇಲೆ ಅಲ್ಲ, ಆಗಲೇ 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎಸಿ ಹಾಕೋ ಶಕ್ತಿ ನಮಗಿಲ್ಲ. ಮನೆ ತಂಪು ಮಾಡೋದು ಹೇಗೆ?

ಮಾಳಿಗೆಗೆ ಬಿಳಿ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಒಳಗೆ ಕೆಲವು ಡಿಗ್ರಿ ಇಳಿಯುತ್ತದೆ. ಫೆಬ್ರುವರಿ ಕೊನೆಗೆ ಬಳಿದರೆ ಬೇಸಿಗೆ ಪೂರ್ತಿ ಉಪಯೋಗ. ತಗಡಿನ ಕೆಳಗೆ ಒಂದಡಿ ಬಿಟ್ಟು ಬಿದಿರಿನ ಚಾಪೆ ಕಟ್ಟಿ. ಮಧ್ಯಾಹ್ನ ಕಿಟಕಿ ಮುಚ್ಚಿ, ಸಂಜೆ ಎದುರುಬದುರು ಕಿಟಕಿ ತೆಗೆಯಿರಿ. ಹೊಸ ಮನೆ ಕಟ್ಟುವವರು ಪಶ್ಚಿಮದ ಗೋಡೆಗೆ ನೆರಳು ಮಾಡಿಕೊಳ್ಳಿ.

## ನೀರು

ಬೋರ್ ನೀರು ಕಾಯಿಸಿ ಕುಡಿದರೆ ಆಯ್ತಲ್ವಾ?

ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಬಹಳ ಮನೆಗಳಲ್ಲಿ ಇದನ್ನೇ ನಂಬಿದ್ದಾರೆ.

ಕಾಯಿಸಿದರೆ ಕ್ರಿಮಿ ಸಾಯುತ್ತವೆ. ಫ್ಲೋರೈಡ್, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಉಳಿದ ನೀರಿನಲ್ಲಿ ಇನ್ನೂ ಗಟ್ಟಿಯಾಗುತ್ತವೆ.

ನಮ್ಮ ಮೂರೂ ಜಿಲ್ಲೆಗಳ ಒಣಭೂಮಿಯ ಕಡೆ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಸೇರಿ, ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಅದು ಬಂಡೆಯಿಂದಲೇ ಕರಗಿ ಬರುವುದು. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಗೊತ್ತಾಗುತ್ತದೆ. ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಸುಣ್ಣದಂಥ ಗೆರೆ, ಆಮೇಲೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ಹಲ್ಲಿನ ಹುಡುಗಿ ನಗುವಾಗ ಕೈ ಅಡ್ಡ ಇಟ್ಟುಕೊಳ್ಳಲು ಶುರು ಮಾಡುತ್ತಾಳೆ. ಮನಸ್ಸಿಗೆ ತಟ್ಟುವುದು ಅಲ್ಲಿಂದಲೇ.

ದೊಡ್ಡವರಲ್ಲಿ ಮೂಳೆ, ಕೀಲು ಬಿಗಿಯಾಗುತ್ತವೆ. ಮನೆಯಲ್ಲೇ ನೋಡಿಕೊಳ್ಳಿ. ಗದ್ದ ಎದೆಗೆ ತಾಗುತ್ತದಾ? ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದಾ? ಎರಡೂ ಕೈ ತಲೆಯ ಹಿಂದೆ ಹೋಗುತ್ತವಾ? ಆಗದಿದ್ದರೆ ಅದು ಫ್ಲೋರೋಸಿಸ್ಸೇ, ಅಂದರೆ ಫ್ಲೋರೈಡಿನಿಂದ ಬರುವ ರೋಗವೇ, ಅಂತಲ್ಲ. ಆದರೆ ಓಣಿಯಲ್ಲಿ ಹಲವರಿಗೆ ಆಗದಿದ್ದರೆ ನೀರು ಪರೀಕ್ಷೆ ಮಾಡಿಸಲೇಬೇಕು.

ಹಟ್ಟಿ, ಮಸ್ಕಿ ಕಡೆಯ ಚಿನ್ನದ ಬಂಡೆಯ ಪಟ್ಟಿಯಲ್ಲಿ ಆರ್ಸೆನಿಕ್ ಕೂಡ ಅಂತರ್ಜಲದಲ್ಲಿ ಸಿಕ್ಕಿದೆ. ಅದಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಲೀಟರಿಗೆ 0.01 ಮಿಲಿಗ್ರಾಂ ಮಿತಿ. ವರ್ಷಗಳ ಮೇಲೆ ಅಂಗೈ, ಅಂಗಾಲಿನ ಚರ್ಮ ಗಂಟುಗಂಟಾಗಿ ದಪ್ಪವಾಗುವುದು, ಮೈಮೇಲೆ ಮಳೆಹನಿ ಬಿದ್ದಂತೆ ಚುಕ್ಕೆ ಏಳುವುದು ಅದರ ಗುರುತು. ಕ್ಯಾನ್ಸರ್ ಅಪಾಯವೂ ಇದೆ.

ಮಾಡಬೇಕಾದ್ದು: ನೀರಿನ ಮಾದರಿಯನ್ನು ಜಿಲ್ಲೆಯ ನೀರಿನ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ, ಪಂಚಾಯಿತಿ ಮೂಲಕ ಕೊಡಬಹುದು. ಕುಡಿಯಲು, ಅಡುಗೆಗೆ ಆರ್‌ಒ ಘಟಕದ ನೀರೋ ಮಳೆ ನೀರೋ ಬಳಸಿ. ಸ್ನಾನ, ಬಟ್ಟೆಗೆ ಬೋರ್ ನೀರಿದ್ದರೆ ತೊಂದರೆ ಇಲ್ಲ. ಘಟಕ ಕೆಟ್ಟು ನಿಂತಿದ್ದರೆ ಸುಮ್ನೆ ಇರಬೇಡಿ. ಅದು ನಿಂತ ದಿನದಿಂದ ಊರು ಮತ್ತೆ ಹಳೆ ನೀರನ್ನೇ ಕುಡಿಯುತ್ತಿರುತ್ತದೆ. ಹಾಲು, ರಾಗಿ, ಸೊಪ್ಪು, ನಿಂಬೆ, ನೆಲ್ಲಿಕಾಯಿ ತಿನ್ನುವ ಮಕ್ಕಳಿಗೆ ಫ್ಲೋರೈಡಿನ ಪೆಟ್ಟು ಸ್ವಲ್ಪ ಕಡಿಮೆ.

ನಲ್ಲಿ ನೀರು ಒಮ್ಮೊಮ್ಮೆ ವಾಸನೆ ಬರುತ್ತೆ. ಕುಡೀಬಹುದಾ?

ಕುಡಿಯಬೇಡಿ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರಿನಿಂದ ಜನ ವಾಂತಿ-ಭೇದಿಗೆ ಬಿದ್ದರು, ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲೂ ಸಾವುಗಳಾದವು. ನೀರು ಬಿಟ್ಟುಬಿಟ್ಟು ಬರುವ ಕಡೆ ಅಪಾಯ ಜಾಸ್ತಿ. ನೀರು ನಿಂತಾಗ ಪೈಪು ಖಾಲಿಯಾಗುತ್ತದೆ, ಪಕ್ಕದ ಚರಂಡಿಯ ಹೊಲಸನ್ನು ಬಿರುಕಿನಿಂದ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ನೀರು ಬಂದ ಮೊದಲ ಕೆಲವು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ.

ಕ್ರಿಮಿಗೆ ಕುದಿಸುವುದೇ ಮದ್ದು. ಗುಳ್ಳೆ ಬಂದು ಚೆನ್ನಾಗಿ ಕುದಿಯಬೇಕು, ಬೆಚ್ಚಗಾದರೆ ಸಾಲದು. ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಓಣಿಯಲ್ಲಿ ಎರಡು-ಮೂರು ಮನೆಗೆ ಒಟ್ಟಿಗೇ ಭೇದಿ ಬಂದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಹೇಳಿ.

ನೀರು ದಿನಾ ಬರಲ್ಲ, ಡ್ರಮ್ಮಿನಲ್ಲಿ ತುಂಬಿ ಇಡ್ತೀವಿ. ಅದಕ್ಕೇ ಡೆಂಗ್ಯೂ ಬರೋದಂತೆ, ನಿಜನಾ?

ನಿಜ. ಡೆಂಗ್ಯೂ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಿಲ್ಲ, ತಿಳಿ ನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ನೀರು ವಾರಕ್ಕೊಮ್ಮೆ ಬರುವ ಓಣಿಗೂ ಸೊಳ್ಳೆಯ ಲೆಕ್ಕಕ್ಕೂ ಸರಿಯಾಗಿ ಹೊಂದುತ್ತದೆ. ಡ್ರಮ್ಮಿಗೆ ಬಟ್ಟೆ ಕಟ್ಟಿ ಮುಚ್ಚಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ತಿಕ್ಕಿ, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಕಾಲುವೆ ಭಾಗದವರಿಗೆ ಇನ್ನೊಂದು ಮಾತು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಬೇರೆ ಜಾತಿಯ ಸೊಳ್ಳೆ ಹಂದಿಗಳಿಂದ ಜನರಿಗೆ ಮಿದುಳು ಜ್ವರ ಹರಡುತ್ತದೆ. ಮಗುವಿಗೆ ಅದರ ಲಸಿಕೆಯನ್ನು 9 ತಿಂಗಳು ತುಂಬಿದ ಮೇಲೊಮ್ಮೆ, ಒಂದೂವರೆ ವರ್ಷದ ಆಸುಪಾಸಿನಲ್ಲೊಮ್ಮೆ ಹಾಕಿಸಿ.

## ಮನಸ್ಸು

ಮೈಗೆ ತೊಂದರೆ ಅಂದ್ರೆ ಒಪ್ಪಬಹುದು. ಓಣಿ ಸರಿ ಇಲ್ಲದಿದ್ದರೆ ಮನಸ್ಸಿಗೆ ಏನಾಗುತ್ತೆ?

ನಾಳೆ ನೀರು ಬರುತ್ತದೋ ಇಲ್ಲವೋ, ಮಗಳು ಕತ್ತಲಲ್ಲಿ ಮನೆಗೆ ಬರುವ ದಾರಿಯಲ್ಲಿ ಲೈಟ್ ಇದೆಯೋ ಇಲ್ಲವೋ, ಈ ಸಲವಾದರೂ ಮೋರಿ ಉಕ್ಕದೆ ಇರುತ್ತದಾ. ಹೀಗೆ ದಿನವೂ ಕಾವಲು ಕಾಯುವ ಮನಸ್ಸು ದಣಿಯುತ್ತದೆ. ಅಪಾಯ ಬಂದಾಗ ದೇಹ ಕಾರ್ಟಿಸೋಲ್ ಅನ್ನುವ ಹಾರ್ಮೋನು ಬಿಡುತ್ತದೆ. ಅದು ತುಸು ಹೊತ್ತಿಗೆ ಒಳ್ಳೆಯದು. ವರ್ಷಗಟ್ಟಲೆ ಏರಿಯೇ ಇದ್ದರೆ ನಿದ್ದೆ, ಬಿಪಿ, ಸಕ್ಕರೆ ಎಲ್ಲ ಕೆಡುತ್ತವೆ. ಖಿನ್ನತೆಯೂ ಬರುತ್ತದೆ. ನಮ್ಮವರು ಇದನ್ನು 'ಬೇಜಾರು' ಅನ್ನುವುದಿಲ್ಲ. 'ಮೈಕೈ ನೋವು', 'ಎದೆ ಭಾರ', 'ತಲೆ ಹಿಡಿದಂಗಾಗ್ತದ' ಅಂತ ಹೇಳುತ್ತಾರೆ. ಮಾತ್ರೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಾರೆ.

ಇನ್ನೊಂದು ಕಡೆ, ಕಷ್ಟದ ಓಣಿಯಲ್ಲೂ ಅಕ್ಕಪಕ್ಕದವರ ಜೊತೆ ಮಾತುಕತೆ ಇದ್ದವರು ಗಟ್ಟಿ ಇರುತ್ತಾರೆ. ಹೊಸ ಬಡಾವಣೆಗೆ ಹೋದ ಮೇಲೆ ವಯಸ್ಸಾದವರು ಕುಸಿಯುವುದು ಯಾಕೆ ಅಂದರೆ, ಅಲ್ಲಿ ಕೂರಲು ಕಟ್ಟೆಯೇ ಇಲ್ಲ.

ರಾತ್ರಿಯಿಡೀ ಲಾರಿ ಓಡ್ತಾವೆ. ರೂಢಿ ಆಗಿಬಿಟ್ಟಿದೆ ಬಿಡಿ ಅಂತಾರೆ. ನಿಜವಾಗ್ಲೂ ರೂಢಿ ಆಗುತ್ತಾ?

ಕಿವಿಗೆ ರೂಢಿಯಾದಂತೆ ಅನಿಸುತ್ತದೆ. ದೇಹಕ್ಕೆ ಆಗುವುದಿಲ್ಲ. ಎಚ್ಚರವಾಗದಿದ್ದರೂ ಪ್ರತಿ ಹಾರ್ನಿಗೂ ಎದೆಬಡಿತ, ರಕ್ತದೊತ್ತಡ ಏರಿಳಿಯುತ್ತವೆ. ಆಳವಾದ ನಿದ್ದೆ ತುಂಡಾಗುತ್ತದೆ. 2000ದ ಶಬ್ದ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಮಲಗುವ ಕೋಣೆಯನ್ನು ರಸ್ತೆಯಿಂದ ಹಿಂದಕ್ಕೆ ಬದಲಿಸಲಾದರೆ ಬದಲಿಸಿ. ಶಾಲೆ ಮಕ್ಕಳಿಗಾದರೂ ಆ ಕೋಣೆ ಸಿಗಲಿ.

ನಮ್ಮೂರಲ್ಲಿ ಶೌಚಾಲಯ ಕಟ್ಟಿದ್ದಾರೆ, ನೀರಿಲ್ಲ. ಹೆಂಗಸರು ಜಾಲಿ ಪೊದೆಗೇ ಹೋಗ್ತಾರೆ. ಇದೂ ಆರೋಗ್ಯದ ವಿಷಯನಾ?

ಹೌದು, ಬಹಳ ದೊಡ್ಡ ವಿಷಯ, ಗಂಡಸರು ಕೇಳದ ವಿಷಯ. ಕತ್ತಲಾಗುವವರೆಗೆ ತಡೆದುಕೊಳ್ಳಬೇಕು ಅಂತ ಹೆಣ್ಣುಮಕ್ಕಳು ಮಧ್ಯಾಹ್ನದಿಂದ ನೀರನ್ನೇ ಕುಡಿಯುವುದಿಲ್ಲ. ನಲವತ್ತು ಡಿಗ್ರಿ ಬಿಸಿಲಿನಲ್ಲಿ! ಮೂತ್ರದ ಸೋಂಕು, ಮಲಬದ್ಧತೆ, ತಲೆನೋವು ಅಲ್ಲಿಂದ ಬರುತ್ತವೆ. ಮೇಲೆ ಹಾವು ಚೇಳಿನ ಭಯ, ಯಾರೋ ನೋಡುತ್ತಾರೆ ಅನ್ನುವ ಭಯ. ಮುಟ್ಟಿನ ದಿನಗಳಲ್ಲಿ ಇನ್ನೂ ಕಷ್ಟ. ಗ್ರಾಮಸಭೆಯಲ್ಲಿ ಶೌಚಾಲಯದ ಲೆಕ್ಕ ಕೇಳುವಾಗ ಎಷ್ಟು ಕಟ್ಟಿದಿರಿ ಅಂತ ಕೇಳಬೇಡಿ. ಎಷ್ಟಕ್ಕೆ ನೀರು ಬರುತ್ತದೆ ಅಂತ ಕೇಳಿ.

ಗುಳೆ ಹೋಗಿ ಬಂದ ಮೇಲೆ ನಮ್ಮ ಹುಡುಗ ಯಾರ ಜೊತೆಗೂ ಮಾತಾಡ್ತಿಲ್ಲ. ಏನು ಮಾಡಬೇಕು?

ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಗುರುತಿನವರಿಲ್ಲ, ಕೂಲಿ ಸರಿಯಾಗಿ ಕೈಗೆ ಬರುವುದಿಲ್ಲ, ಕುಡಿತ ಸುಲಭವಾಗಿ ಸಿಗುತ್ತದೆ. ಊರಿಗೆ ಬಂದರೆ ಸಾಲ ಕಾಯುತ್ತಿರುತ್ತದೆ. ಇತ್ತ ಅಜ್ಜಿ ಹತ್ತಿರ ಬಿಟ್ಟುಹೋದ ಮಕ್ಕಳಿಗೆ ಶಾಲೆ ತಪ್ಪುತ್ತದೆ, ತಬ್ಬಲಿತನ ಕಾಡುತ್ತದೆ.

ಎರಡು ವಾರ ದಾಟಿದರೂ ಮಾತಿಲ್ಲ, ಊಟ ನಿದ್ದೆ ಸರಿ ಇಲ್ಲ, ಕೆಲಸಕ್ಕೆ ಹೋಗುವ ಮನಸ್ಸಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. 'ಸಾಯುವ ಯೋಚನೆ ಬರುತ್ತಿದೆಯಾ' ಅಂತ ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದವರ ಹತ್ತಿರ ಹೇಳಿಕೊಂಡು ಹಗುರಾಗುತ್ತಾರೆ.

ಮನಸ್ಸಿನ ಡಾಕ್ಟರು ಬೆಂಗಳೂರಲ್ಲಿ ಮಾತ್ರ ಇರೋದಲ್ವಾ?

ಅಲ್ಲ. ಇದನ್ನು ನಮ್ಮವರು ಹೆಮ್ಮೆಯಿಂದ ತಿಳಿದಿರಬೇಕು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು, ಔಷಧಿ ಕೊಡಲು ತರಬೇತಿ ಕೊಟ್ಟರು. ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಈಗ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಗೊತ್ತುಮಾಡಿದ ದಿನ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ, ದಿನವನ್ನು ಅಲ್ಲೇ ವಿಚಾರಿಸಿ. ಫೋನಿನಲ್ಲಾದರೆ 14416, ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆ ಇದ್ದವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ, ಕಾಯಿಲೆಯ ಪ್ರಕಾರ, ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ಮನೆಯವರು ಆ ಲೆಕ್ಕದಲ್ಲಿ ಉಳಿಯಬಾರದು.

ಅಮ್ಮ ಮನೋರೋಗದ ಮಾತ್ರೆ ತಗೋತಾರೆ. ಬೇಸಿಗೆಯಲ್ಲಿ ಏನಾದರೂ ಜಾಗ್ರತೆ ಬೇಕಾ?

ಬೇಕು, ಇದನ್ನು ಬಹಳ ಕಡೆ ಯಾರೂ ಹೇಳುವುದಿಲ್ಲ. ಮನೋರೋಗದ ಕೆಲವು ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಕೆಲವು ದೇಹ ತನ್ನ ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಶಕ್ತಿಯನ್ನು ತಗ್ಗಿಸುತ್ತವೆ. ಲಿಥಿಯಂ ಅನ್ನುವ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೀರು ಕಡಿಮೆಯಾದರೆ ಔಷಧಿ ರಕ್ತದಲ್ಲಿ ಏರಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮಾರ್ಚ್‌ನಲ್ಲೇ ಡಾಕ್ಟರ ಹತ್ತಿರ 'ಬೇಸಿಗೆಗೆ ಡೋಸ್ ನೋಡಬೇಕಾ' ಅಂತ ಕೇಳಿ. ಮಧ್ಯಾಹ್ನ ಹೊರಗೆ ಕಳಿಸಬೇಡಿ, ನೀರು ಕೊಡುತ್ತಿರಿ.

ಗದ್ದೆಗೆ, ಹತ್ತಿಗೆ ಎಣ್ಣೆ ಹೊಡೆಯೋದರಿಂದ ಮನಸ್ಸಿಗೂ ತೊಂದರೆನಾ?

ಹೌದು. ಬಹಳ ಕೀಟನಾಶಕಗಳು ಕೆಲಸ ಮಾಡುವುದೇ ನರಗಳ ಮೇಲೆ. ಕೀಟದ ನರಕ್ಕೂ ನಮ್ಮ ನರಕ್ಕೂ ಅಷ್ಟೇನೂ ಅಂತರವಿಲ್ಲ. ಹೊಡೆದ ದಿನ ತಲೆಸುತ್ತು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಕೈ ನಡುಕ ಬಂದರೆ ವಿಷ ಏರಿದೆ ಅಂತಲೇ ಅರ್ಥ. ಅಮೆರಿಕದಲ್ಲಿ 1993ರಿಂದ ನಡೆಯುತ್ತಿರುವ ರೈತ ಕುಟುಂಬಗಳ ದೊಡ್ಡ ಅಧ್ಯಯನದಲ್ಲಿ, ಹೀಗೆ ಒಮ್ಮೆ ವಿಷ ಏರಿದವರಲ್ಲಿ ಖಿನ್ನತೆ ಜಾಸ್ತಿ ಕಂಡಿದೆ.

ಗಾಳಿಗೆ ಎದುರು ನಿಂತು ಹೊಡೆಯಬೇಡಿ. ಹೊಡೆದ ಅಂಗಿಯನ್ನು ಮನೆಯವರ ಬಟ್ಟೆ ಜೊತೆ ನೆನೆಸಬೇಡಿ, ಎಷ್ಟೋ ಸಲ ಅದನ್ನು ಒಗೆಯುವ ಹೆಂಡತಿಗೇ ವಿಷ ತಾಗುತ್ತದೆ. ಖಾಲಿ ಕ್ಯಾನಿನಲ್ಲಿ ಕುಡಿಯುವ ನೀರು ತುಂಬಲೇಬೇಡಿ.

ಮತ್ತೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಡಬ್ಬಿಗಳನ್ನು ಮನೆಯೊಳಗೆ ಇಡಬೇಡಿ. ಹೊಲದ ಕೋಣೆಯಲ್ಲಿ ಬೀಗ ಹಾಕಿಡಿ, ಕೀಲಿ ಬೇರೆಯವರ ಹತ್ತಿರ ಇರಲಿ. ದುಡುಕಿನ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಈಚೆಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು.

## ಇನ್ನೂ ಮುಂದಿನ ಪ್ರಶ್ನೆಗಳು

ಗಿಡ ನೆಟ್ಟರೆ ಖಿನ್ನತೆ ಹೋಗುತ್ತಾ?

ಗಿಡ ಔಷಧಿ ಅಲ್ಲ. ಆದರೆ ಫಲ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ಸೈಟುಗಳನ್ನು ತೆಗೆದುಕೊಂಡು ಮೂರು ಗುಂಪು ಮಾಡಿದರು. ಕೆಲವನ್ನು ಸ್ವಚ್ಛ ಮಾಡಿ ಹುಲ್ಲು, ಒಂದಿಷ್ಟು ಮರ ಹಾಕಿದರು. ಕೆಲವನ್ನು ಸ್ವಚ್ಛ ಮಾತ್ರ ಮಾಡಿದರು. ಉಳಿದವನ್ನು ಹಾಗೇ ಬಿಟ್ಟರು. 2018ರಲ್ಲಿ ಬಂದ ವರದಿ ಪ್ರಕಾರ, ಹಾಗೇ ಬಿಟ್ಟ ಕಡೆಗೆ ಹೋಲಿಸಿದರೆ ಹಸಿರು ಮಾಡಿದ ಸೈಟಿನ ಹತ್ತಿರದವರಲ್ಲಿ 'ಖಿನ್ನತೆ ಅನಿಸುತ್ತಿದೆ' ಅನ್ನುವುದು ಶೇ 41.5ರಷ್ಟು ಇಳಿದಿತ್ತು. ಬರೀ ಕಸ ತೆಗೆದ ಕಡೆ ಅಂಥ ಬದಲಾವಣೆ ಕಾಣಲಿಲ್ಲ.

ನಮ್ಮಲ್ಲೂ ದೊಡ್ಡ ಉದಾಹರಣೆ ಇದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು, ಸಾವಿರಾರು ಜನ ಸೇರಿ ಹಿರೇಹಳ್ಳವನ್ನು ಹೂಳೆತ್ತಿ ಸ್ವಚ್ಛ ಮಾಡಿದರು. ನೀರು ನಿಂತದ್ದು ಒಂದು ಲಾಭ. ಜನ ಒಟ್ಟಿಗೆ ದುಡಿದದ್ದು ನನ್ನ ಪ್ರಕಾರ ಅಷ್ಟೇ ದೊಡ್ಡ ಲಾಭ.

ಯಾವ ಗಿಡ ಅನ್ನುವುದೂ ಮುಖ್ಯ. ಬೇವು, ಹೊಂಗೆ, ಅರಳಿ ನೆರಳು ಕೊಡುತ್ತವೆ. ಬಳ್ಳಾರಿ ಜಾಲಿಯನ್ನು ಯಾರೂ ನೆಡಬೇಕಿಲ್ಲ, ಅದೇ ಹಬ್ಬಿದೆ. ಅದರ ಪರಾಗ ದಮ್ಮು, ಅಲರ್ಜಿ ಏಳಿಸುತ್ತದೆ.

ಒಂದೇ ಓಣಿಯಲ್ಲಿ ಹತ್ತು ಜನ ಇದ್ದರೂ ಇಬ್ಬರಿಗೆ ಮಾತ್ರ ಕಾಯಿಲೆ. ಹಾಗಾದರೆ ಹೊಗೆ ಕಾರಣ ಅಲ್ಲ ಅಂತ ವಾದ ಮಾಡ್ತಾರೆ. ಏನು ಉತ್ತರ ಕೊಡಬೇಕು?

ಬೀಡಿ ಸೇದುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಬೀಡಿ ಕಾರಣ ಅಲ್ಲ ಅಂತ ಯಾರಾದರೂ ಹೇಳುತ್ತಾರಾ? ಪರಿಸರ ಒಬ್ಬೊಬ್ಬರ ಭವಿಷ್ಯ ಬರೆಯುವುದಿಲ್ಲ. ಇಡೀ ಊರಿನ ಅಪಾಯವನ್ನು ಮೇಲಕ್ಕೆತ್ತುತ್ತದೆ. ಯಾರಿಗೆ ಮೊದಲು ಪೆಟ್ಟು ಅನ್ನುವುದು ವಯಸ್ಸು, ಊಟ, ಬಸಿರು, ಮೊದಲೇ ಇದ್ದ ಕಾಯಿಲೆ, ಎಷ್ಟು ಹೊತ್ತು ಹೊರಗೆ ದುಡಿಯುತ್ತಾರೆ ಅನ್ನುವುದರ ಮೇಲೆ.

ಬಡತನವೇ ಕಾರಣ ಇರಬಹುದಲ್ವಾ ಅಂತ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಅದನ್ನು ಬಿಡಿಸುವ ದಾರಿ ಹೋಲಿಕೆ. ಅಷ್ಟೇ ಬಡತನ ಇರುವ, ಆದರೆ ಹೊಗೆಯಿಂದ ದೂರದ ಊರನ್ನು ಪಕ್ಕದಲ್ಲಿಟ್ಟು ನೋಡಬೇಕು. ಗಾಳಿ ಬೀಸುವ ದಿಕ್ಕಿನ ಊರು, ಅದರ ಎದುರು ದಿಕ್ಕಿನ ಊರು ನೋಡಬೇಕು. ಇಂಥ ಆರೋಗ್ಯ ಸಮೀಕ್ಷೆಯನ್ನು ಕಾರ್ಖಾನೆ ಬರುವ ಮುಂಚೆಯೇ ಮಾಡಿಸಬೇಕು. ಆಮೇಲೆ ಮಾಡಿದರೆ ಮೊದಲು ಹೇಗಿತ್ತು ಅಂತ ತೋರಿಸಲು ಏನೂ ಉಳಿದಿರುವುದಿಲ್ಲ.

ಕಾರ್ಖಾನೆ ಬೇಡ ಅಂದ್ರೆ ನಮ್ಮ ಹುಡುಗರಿಗೆ ಕೆಲಸ ಎಲ್ಲಿದೆ? ಹೊಟ್ಟೆಪಾಡೂ ಆರೋಗ್ಯನೇ ಅಲ್ವಾ?

ಹೌದು, ಕೆಲಸವೂ ಆರೋಗ್ಯವೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಧೂಳು ಇಳಿಯಿತು, ಅದರ ಜೊತೆ ಲಾರಿ ಸಾಲ ಮಾಡಿದವರ, ದಿನಗೂಲಿಯವರ ನಿದ್ದೆಯೂ ಹೋಯಿತು. ಎರಡನ್ನೂ ಮರೆಯಬಾರದು.

ಆದರೆ ಕೆಲಸ ಬೇಕಾ ಉಸಿರು ಬೇಕಾ ಅಂತ ನಮ್ಮನ್ನೇ ಆರಿಸಲು ಹೇಳುವುದು ನ್ಯಾಯವಲ್ಲ. ಧೂಳು ಹಿಡಿಯುವ ಯಂತ್ರ ಹೊಸ ಶೋಧವೇನಲ್ಲ. ಅದನ್ನು ಸರಿಯಾಗಿ ಓಡಿಸಲು ಖರ್ಚಿದೆ, ಅಷ್ಟೇ. ಖರ್ಚು ಉಳಿಸಿದಾಗ ಅದು ಮಾಯವಾಗುವುದಿಲ್ಲ, ಆಸ್ಪತ್ರೆ ಬಿಲ್ಲಾಗಿ ನಮ್ಮ ಮನೆಗೆ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಕೊಪ್ಪಳ ಪಟ್ಟಣ ಬಂದ್ ಆಗಿ ಜನ ಬೀದಿಗಿಳಿದಾಗ ಎತ್ತಿದ ಪ್ರಶ್ನೆಯೂ ಇಂಥದ್ದೇ: ಇಷ್ಟೊಂದು ಕಾರ್ಖಾನೆ ಇರುವ ಕಡೆ, ಊರಿನ ಅಂಚಿನಲ್ಲೇ, ಇನ್ನೊಂದು ಯಾಕೆ?

ದೂರು ಕೊಟ್ಟರೆ ಯಾರು ಕೇಳ್ತಾರೆ? ಎಲ್ಲಿ ಕೊಡಬೇಕು?

ಬಾಯಿ ಮಾತಿನ ದೂರಿಗೆ ಬೆಲೆ ಕಡಿಮೆ. ಮೊದಲು ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಏನು ಕಂಡಿತು, ಯಾರಿಗೆ ಏನಾಯಿತು. ಫೋಟೊ ತೆಗೆಯುವಾಗ ಹೊತ್ತು ಕಾಣುವಂತೆ ತೆಗೆಯಿರಿ. ಮೂರು ತಿಂಗಳ ಇಂಥ ದಾಖಲೆ ಮುಂದಿಟ್ಟರೆ ಅಧಿಕಾರಿ ತಳ್ಳಿಹಾಕುವುದು ಕಷ್ಟ.

ಗಾಳಿ, ಕಾರ್ಖಾನೆಯ ಕೊಳಚೆ ನೀರಿನ ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಮೂರೂ ಜಿಲ್ಲೆಗಳಲ್ಲಿ ಅದರ ಕಚೇರಿ ಇದೆ. ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಅನುಮತಿ ಕೊಟ್ಟಿದ್ದಾರೆ ಅನ್ನುವ ಪತ್ರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಷರತ್ತು ಕೈಯಲ್ಲಿದ್ದರೆ ದೂರಿಗೆ ಹಲ್ಲು ಬರುತ್ತದೆ.

ಹೊಸ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ತಪ್ಪದೇ ಹೋಗಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ಯೋಜನೆಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ಕೊನೆಗೆ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕು. ನೀವು ಹೇಳಿದ್ದು ಅದರಲ್ಲಿ ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ.

ಹಣ ಇಲ್ಲ ಅನ್ನುವ ಮಾತಿಗೂ ಉತ್ತರ ಇದೆ. 2015ರಿಂದ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ. ಅದರ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಪರಿಸರದಂಥ ಕೆಲಸಕ್ಕೇ ಹೋಗಬೇಕು ಅಂತ ನಿಯಮ. ನಿಮ್ಮ ಊರಿನ ಆರ್‌ಒ ಘಟಕ, ಶ್ವಾಸಕೋಶ ತಪಾಸಣೆ ಶಿಬಿರ, ಶಾಲೆಯ ಸುತ್ತ ಮರ, ಏನು ಬೇಕೋ ಅದನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆಸಿ.

ಕೊನೆಗೆ ಊರು ಬಿಟ್ಟು ಹೋಗೋದೇ ಒಳ್ಳೇದಾ?

ಮಗುವಿಗೆ ಜೋರು ಅಸ್ತಮಾ ಇದ್ದು, ಡಾಕ್ಟರೂ ಹೇಳಿ, ಹೋಗಲು ದಾರಿಯೂ ಇದ್ದರೆ ಹೋಗುವುದರಲ್ಲಿ ತಪ್ಪಿಲ್ಲ. ಹೋದವರನ್ನು ಓಡಿಹೋದರು ಅನ್ನಬೇಡಿ. ಆದರೆ ಹೋಗುವ ಮುಂಚೆ ಹೋಗುವ ಜಾಗವನ್ನೂ ಇದೇ ಕಣ್ಣಿನಿಂದ ನೋಡಿ. ನೀರು ಎಲ್ಲಿಂದ ಬರುತ್ತದೆ, ರಾತ್ರಿ ಸದ್ದು ಎಷ್ಟು, ಮಕ್ಕಳು ಆಡಲು ಜಾಗ ಇದೆಯಾ, ಕಷ್ಟ ಅಂದಾಗ ಬಾಗಿಲು ತಟ್ಟಲು ಯಾರಿದ್ದಾರೆ. ಹಗಲೊಮ್ಮೆ, ರಾತ್ರಿಯೊಮ್ಮೆ ಹೋಗಿ ನಿಂತು ನೋಡಿ. ಬಾಡಿಗೆ ಮುಂಗಡ ಆಮೇಲೆ ಕೊಡಿ.